ಕೊನೇ ಬೆಂಚಿಗೆ ಎಷ್ಟು ಹೆಜ್ಜೆ

"ಬಿದ್ರು ಕಣೇ, ಕಾಲಿಗೇ ಬಿದ್ರು! ಎಸ್ತೇರಮ್ಮ! ದಯಾಮಣಿ ಆಂಟಿ ಕಾಲಿಗೆ!"

"ಯಾವ ಎಸ್ತೇರಮ್ಮ?"

"ನಮ್ಮೂರಲ್ಲಿ ಎಷ್ಟು ಜನ ಎಸ್ತೇರಮ್ಮ ಇದಾರೆ ತಬಿ? ಸ್ತ್ರೀಸಂಘದ ಅಧ್ಯಕ್ಷೆ ಎಸ್ತೇರಮ್ಮ. ಹದಿನಾಲ್ಕು ವರ್ಷದಿಂದ ದಯಾಮಣಿ ಆಂಟಿ ಮಾಡಿದ ಕೇಕ್ ಕೈಲೂ ಮುಟ್ಟದ ಎಸ್ತೇರಮ್ಮ. ಇನ್ನೂ ಕೇಳು, ಬೆಂಚು ಬಂದ್ಬಿಟ್ಟಿದೆ."

ನನ್ನ ಕೈಲಿದ್ದ ದೋಸೆ ತುಂಡು ಬಾಯಿ ಹತ್ರ ಹೋಗಿ ಹಾಗೇ ನಿಂತ್ಹೋಯ್ತು. "ಬಂದ್ಬಿಟ್ಟಿದೆ ಅಂದ್ರೆ?"

"ಬಂದ್ಬಿಟ್ಟಿದೆ ಅಂದ್ರೆ ಬಂದ್ಬಿಟ್ಟಿದೆ! ಅವರಿಬ್ಬರ ಬೆಂಚಿನ ಮಧ್ಯೆ ಮೂವತ್ತೊಂದು ಹೆಜ್ಜೆ ಇತ್ತಲ್ವಾ? ಈಗ ನಾನು ಮಧ್ಯೆ ನಿಂತ್ರೆ ಮುಂದೆ ಮೊಣಕಾಲು ತಾಗುತ್ತೆ, ಹಿಂದೆ ಮೀನಖಂಡ ತಾಗುತ್ತೆ. ನೋಡಿಲ್ಲಿ, ಕೆಂಪಗಾಗಿದೆ."

ಫೀಬಿ ನನ್ನ ಜೊತೆ ಚರ್ಚಿನ ಕ್ವಾಯರಲ್ಲಿ ಹಾಡೋಳು. ಮೂರು ಮಾತಲ್ಲಿ ಎರಡಕ್ಕೆ ಉಪ್ಪು ಖಾರ ಹಾಕ್ದೆ ಬಿಡೋಳಲ್ಲ. ಆದ್ರೆ ಮೊಣಕಾಲು ನಿಜವಾಗ್ಲೂ ಕೆಂಪಗಿತ್ತು. ನಾನು ಕೈ ಕೂಡ ಸರಿಯಾಗಿ ತೊಳೀದೆ ಚಪ್ಪಲಿ ಹಾಕ್ಕೊಂಡೆ. ಪರೀಕ್ಷೆಗೆ ಓದೋಕೆ ಅಂತ ಕೊಟ್ಟ ರಜೆ. ಅಮ್ಮ ಅಡುಗೆಮನೆಯಿಂದ "ಪುಸ್ತಕ ಯಾರೇ ಓದ್ತಾರೆ, ನಿಮ್ಮಜ್ಜನಾ?" ಅಂತ ಕೂಗಿದ್ದು ಗೇಟಿನ ತನಕ ಕೇಳಿಸ್ತು.

ನಮ್ಮ ಚರ್ಚನ್ನ ಹೊರಗಿಂದ ಸುತ್ತಿದ್ರೆ ನೂರಾ ಇಪ್ಪತ್ತು ಹೆಜ್ಜೆ, ಪಪಾಯ ಗಿಡ, ಆಡು ಕಟ್ಟೋ ಗೂಟ ಎಲ್ಲಾ ಸೇರಿ. ಒಳಗೆ ಬಾಗಿಲಿಂದ ಪೀಠದ ತನಕ ಮಾತ್ರ ನಾನು ಹೈಸ್ಕೂಲಲ್ಲಿದ್ದಾಗಲೇ ಆರುನೂರು ಹೆಜ್ಜೆ ಇತ್ತು, ಈ ವರ್ಷ ಸಾವಿರ ದಾಟಿತ್ತು. ಇಬ್ಬರು ಮಾತು ಬಿಟ್ರೆ ಅವರ ಬೆಂಚುಗಳ ಮಧ್ಯೆ ನೆಲ ಬೆಳೀತಿತ್ತು, ಅಷ್ಟೇ. ಯಾರೂ ಕಣ್ಣು ಬಿಟ್ಟಿರುವಾಗ ಬೆಳೀತಿರಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ಮುಂದೆ ಕೂತೋರ ಜಡೆ ಒಂದು ಗೇಣು ದೂರ ಹೋಗಿರ್ತಿತ್ತು. ಯಾಕೆ ಅಂತ ಎಲ್ರಿಗೂ ಗೊತ್ತು, ಬಾಯಿಬಿಟ್ಟು ಮಾತ್ರ ಯಾರೂ ಹೇಳ್ತಿರಲಿಲ್ಲ. "ಈ ವಾರ ಸ್ವಲ್ಪ ಉದ್ದ ಆಗಿದೆ ಅಲ್ವಾ?" ಅಂತ, ಹಗಲು ಉದ್ದ ಆಗಿದೆ ಅನ್ನೋ ಥರ ಹೇಳಿ ಸುಮ್ಮನಾಗ್ತಿದ್ರು.

ಉದ್ದಕ್ಕೆ ನಾವೆಲ್ಲಾ ಒಗ್ಗಿಹೋಗಿದ್ವಿ. ನಡುದಾರೀಲಿ ಎರಡು ಕಡೆ ನೀರಿನ ಹೂಜಿ ಇಟ್ಟಿದ್ರು. ಮದುಮಗಳು ಸೀರೆ ಕೆಳಗೆ ಕ್ಯಾನ್ವಾಸ್ ಶೂ ಹಾಕ್ಕೊಂಡೇ ಬರೋದು. ಮೈಕಿನ ವೈರ್‌ಗೆ ತಿಂಗಳಿಗೊಂದು ಗಂಟು ಹಾಕಿ ಉದ್ದ ಮಾಡ್ತಿದ್ರು. ಹಾಡಿನ ಕಥೆ ಕೇಳಬೇಡಿ. ಮುಂದಿನೋರು ಆಮೆನ್ ಹೇಳಿ ಕೂತು ಬೆವರು ಒರೆಸ್ಕೊಳ್ತಿರುವಾಗ ಹಿಂದಿನೋರು ಇನ್ನೂ ಎರಡನೇ ಚರಣದಲ್ಲಿರ್ತಿದ್ರು. ಮುಂದಿನ ಬೆಂಚುಗಳಿಗೆ ತಿಂಗಳ ಮೊದಲನೇ ಭಾನುವಾರ ಪ್ರಭುಭೋಜನ, ಹಿಂದಿನ ಬೆಂಚುಗಳಿಗೆ ಮೂರನೇ ಭಾನುವಾರ. ಒಂದೇ ದಿನ ಎಲ್ಲರಿಗೂ ರೊಟ್ಟಿ, ದ್ರಾಕ್ಷಾರಸ ಮುಟ್ಟಿಸೋದು ಯಾವ ಅಯ್ಯನೋರ ಕಾಲಿಗೂ ಆಗದ ಕೆಲಸ. ನಾನು ಹುಟ್ಟಿದಾಗಿಂದ ಇಡೀ ಸಭೆ ಒಟ್ಟಿಗೆ ಪ್ರಭುಭೋಜನ ತಗೊಂಡಿದ್ದನ್ನ ನೋಡೇ ಇಲ್ಲ.

ಹೋದ ವರ್ಷ ಕಮಿಟಿಯೋರು ಇದಕ್ಕೆ ಒಂದು ಗತಿ ಕಾಣಿಸೋಣ ಅಂತ ಉಜ್ಜೀವನ, ಅಂದ್ರೆ ತಣ್ಣಗಾದ ಸಭೆಗೆ ಜೀವ ತುಂಬೋ ಕೂಟ, ತರಿಸಿದ್ರು. ತರಿಸಿದ್ರು ಅಂತಾನೇ ಹೇಳ್ಬೇಕು. ನಮ್ಮಪ್ಪ ಗಿದ್ಯೋನ ಕಮಿಟಿ ಸೆಕ್ರೆಟ್ರಿ. ಅವರೇ ಕೈಯಾರೆ ಬ್ಯಾನರ್ ಬರೆದ್ರು, ಹನ್ನೆರಡನೇ ತಾರೀಖಿಂದ ಹದಿನಾಲ್ಕರ ತನಕ, ಸಂಜೆ ಐದರಿಂದ ಏಳೂವರೆ ತನಕ ಉಜ್ಜೀವನ, ಎಲ್ಲರೂ ಸಮಯಕ್ಕೆ ಸರಿಯಾಗಿ ಬರಬೇಕು. ಪರಊರಿಂದ ಬಂದ ಪ್ರಸಂಗಿಗಳು ಕೋಟು ಬಿಚ್ಚಿ, ಟೈ ಬಿಚ್ಚಿ, ಗಂಟಲು ಹರಿಯೋ ಹಾಗೆ ಕೂಗಿದ್ರು. ಕೈ ಎತ್ತಿ ಅಂದ್ರು, ಎತ್ತಿದ್ವಿ. ಪಕ್ಕದೋರ ಕೈ ಹಿಡ್ಕೊಳ್ಳಿ ಅಂದ್ರು, ಪಕ್ಕದೋರು ಇಪ್ಪತ್ತು ಹೆಜ್ಜೆ ಆಚೆ ಇದ್ರು. ಮೂರನೇ ದಿನ ಹಿರಿಯರೆಲ್ಲಾ ತೆಂಗಿನ ಹಗ್ಗ ತಂದು ಬೆಂಚುಗಳಿಗೆ ಕಟ್ಟಿ, ಹದಿನೆಂಟು ಜನ ಐಸಾ ಐಸಾ ಅಂತ ಎಳೆದು, ಸಾಲಾಗಿ ಜೋಡಿಸಿ, ನೆಲಕ್ಕೆ ಮೊಳೆ ಹೊಡೆದ್ರು. ಒಳ್ಳೇ ಮದುವೆ ಹಾಲ್ ಥರ ಕಾಣಿಸ್ತಿತ್ತು. ಮುಂದಿನ ಭಾನುವಾರ ಮೊಳೆ ಹೊಡೆದಲ್ಲೇ ಇತ್ತು, ಮೊಳೆ ಮೊಳೆ ಮಧ್ಯದ ನೆಲ ಬೆಳೆದಿತ್ತು. ಯಾರು ಸರಿಯಾಗಿ ಎಳೀಲಿಲ್ಲ ಅನ್ನೋ ಜಗಳದಲ್ಲಿ ಇನ್ನೂ ಎಂಬತ್ತು ಹೆಜ್ಜೆ ಜಾಸ್ತಿ ಆಯ್ತು.

ಅದಕ್ಕೇ ಆ ಬುಧವಾರ ಫೀಬಿ ಹೇಳಿದ್ದು ಕೇಳಿ ನಾನು ಓಡಿದ್ದು.

ಸ್ತ್ರೀಸಂಘದ ಕೂಟ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಹನ್ನೊಂದಕ್ಕೆ ಕಾಫಿ ಜೊತೆ ಮುಗೀಬೇಕು. ನಾವು ಹೋದಾಗ ಹನ್ನೆರಡು ದಾಟಿತ್ತು, ಕಾಫಿ ಪಾತ್ರೆ ಮುಚ್ಚಳ ಕೂಡ ತೆಗೆದಿರಲಿಲ್ಲ. ಇಪ್ಪತ್ತು ಇಪ್ಪತ್ತೈದು ಜನ ಹೆಂಗಸರು ಚಾಪೆ ಮೇಲೆ ಮೊಣಕಾಲೂರಿದ್ರು. ಕೆಲವರು ಅಳ್ತಿದ್ರು, ಜೋರಾಗಿ ಅಲ್ಲ, ಮಕ್ಕಳು ಅತ್ತು ಸುಸ್ತಾದ್ಮೇಲೆ ಅಳ್ತಾರಲ್ಲ ಹಾಗೆ. ಉಳಿದೋರು ಸುಮ್ಮನಿದ್ರು. ನಮ್ಮೂರ ಹೆಂಗಸರು ಸುಮ್ಮನಿದ್ದಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು. ಮುಗಿಸೋ ಪ್ರಾರ್ಥನೆ ಮಾಡಬೇಕಾದೋರು ದಯಾಮಣಿ ಆಂಟಿ, ಅವರು ಎಸ್ತೇರಮ್ಮನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ರು.

ಆಗಿದ್ದಿಷ್ಟು. ಎಸ್ತೇರಮ್ಮ ವರದಿ ಓದೋಕೆ ಎದ್ದು ನಿಂತು, ಕನ್ನಡಕ ಹಾಕ್ಕೊಂಡು, ಮತ್ತೆ ತೆಗೆದು, "ನನ್ನಿಂದ ಓದೋಕಾಗಲ್ಲ" ಅಂದ್ರಂತೆ. "ದಯಾಮಣಿ, ನಿನ್ನ ಮಗಳಿಗೆ ಬಂದ ಸಂಬಂಧ ಮುರಿದದ್ದು ನಾನು. ಆ ಮನೆಯೋರ ಕಿವೀಲಿ ಒಂದು ಮಾತು ಹಾಕ್ದೆ. ಅದು ಸುಳ್ಳು ಮಾತು." ದಯಾಮಣಿ ಆಂಟಿ ಅವರನ್ನೇ ನೋಡಿ, "ಇದು ನಂಗೆ ಗೊತ್ತೇ ಇರಲಿಲ್ಲ ಎಸ್ತೇರಿ. ನಾನು ನಿನ್ನ ಕಂಡ್ರೆ ಆಗದೆ ಇದ್ದದ್ದು ಬೇರೆ ಕಾರಣಕ್ಕೆ" ಅಂದ್ರಂತೆ. ಯಾರೋ ಒಬ್ಬರು ನಕ್ರು. ಆ ನಗು ಮುಗಿಯೋಷ್ಟರಲ್ಲಿ ಏನೋ ಒಂದು ಒಳಗೆ ಬಂತಂತೆ. ಗಾಳಿ ಅಲ್ಲ, ಶಬ್ದ ಅಲ್ಲ. ಫೀಬಿ ಅಮ್ಮನ್ನ ಕೇಳಿದ್ರೆ, "ಮನೆ ಯಜಮಾನ ಊರಿಂದ ಬಂದು ಬಾಗಿಲಲ್ಲಿ ನಿಂತಾಗ ಗೊತ್ತಾಗಲ್ವಾ, ತಿರುಗಿ ನೋಡದೇ ಇದ್ರೂ? ಹಾಗೆ" ಅಂದ್ರು. ಎಲ್ರೂ ಮೊಣಕಾಲೂರಿದ್ರು. ಕಣ್ಣು ಬಿಟ್ಟಾಗ ಬೆಂಚು ಬಂದಿತ್ತು.

ನಾನು ಬಾಗಿಲ ಹತ್ರಾನೇ ನಿಂತೆ. ಮೈಯೆಲ್ಲಾ ಜುಮ್ ಅಂತು. ಒಳಗೆ ಮಾತ್ರ ಹೋಗಲಿಲ್ಲ. ನನ್ನ ವಿಷಯ ಇಲ್ಲೇ ಹೇಳ್ಬಿಡ್ತೀನಿ, ಆಮೇಲೆ ಹೇಳ್ತೀನಿ ಅಂದ್ರೆ ಹೇಳೋಳಲ್ಲ ನಾನು.

ಆಗ ನಂಗೆ ಹನ್ನೊಂದು ವರ್ಷ. ಈಸ್ಟರ್ ಹಿಂದಿನ ಶನಿವಾರ, ಮಧ್ಯಾಹ್ನ, ಕೆಟ್ಟ ಬಿಸಿಲು. ಹಾಡಿನ ಪ್ರಾಕ್ಟೀಸಿಗೆ ಎಲ್ರಿಗಿಂತ ಮುಂಚೆ ಬಂದಿದ್ದೆ. ಪೀಠದ ಪಕ್ಕದ ಕೋಣೆ ಬಾಗಿಲು ತೆಗೆದಿತ್ತು, ಮೇಜಿನ ಮೇಲೆ ಪ್ರಭುಭೋಜನದ ದ್ರಾಕ್ಷಾರಸದ ಬಾಟ್ಲಿ. ಒಂದು ಗುಟುಕು ಕುಡಿದೆ. ಸಿಹಿಯಾಗಿತ್ತು. ಇನ್ನೊಂದು ಕುಡಿದೆ. ದೇವರು ಸಿಟ್ಟಾದ್ರೆ ಗೊತ್ತಾಗುತ್ತೆ ಅಂತ ಕಾದೆ, ಏನೂ ಆಗಲಿಲ್ಲ, ಪೂರ್ತಿ ಕುಡಿದುಬಿಟ್ಟೆ. ಹೊರಗೆ ಹೆಜ್ಜೆ ಸಪ್ಪಳ ಆಯ್ತು. ಬಾಟ್ಲಿನ ಗಂಟೆ ಹಗ್ಗದ ಕೋಣೇಲಿ, ಗೋಣಿಚೀಲದ ಕೆಳಗೆ ತುರುಕಿ ಓಡಿದೆ. ಗಂಟೆ ಕೋಣೆ ಯೋಬ ಮಾಮಂದು. ಚರ್ಚ್ ಗುಡಿಸಿ, ದೀಪ ಒರೆಸಿ, ಗಂಟೆ ಹೊಡೀತಿದ್ದೋರು. ವಯಸ್ಸಲ್ಲಿ ಕುಡೀತಿದ್ರಂತೆ, ಯೇಸುನ ನಂಬಿದ ಮೇಲೆ ಬಿಟ್ಟು ಇಪ್ಪತ್ತು ವರ್ಷ ಆಗಿತ್ತು. ಈಸ್ಟರ್ ದಿನ ಬಾಟ್ಲಿ ಅವರ ಗೋಣಿಚೀಲದ ಕೆಳಗೆ ಸಿಕ್ತು. "ನಾನಲ್ಲ" ಅಂದ್ರು ಅವರು. ಒಂದೇ ಸಲ ಅಂದ್ರು. ಕಮಿಟಿ ಕೂತು ತೀರ್ಮಾನ ಮಾಡ್ತು, ಅಪ್ಪ ಹೋಗಿ ಅವರ ಕೈಯಿಂದ ಗಂಟೆ ಹಗ್ಗ ಇಸ್ಕೊಂಡು ಬಂದ್ರು. ಅವತ್ತಿಂದ ಯೋಬ ಮಾಮ ಕೊನೇ ಬೆಂಚು. ಅವರ ಹೆಂಡತಿ ರೂತಮ್ಮ ಮಧ್ಯದ ಬೆಂಚು. ಒಂಬತ್ತು ವರ್ಷ.

ಮನೇಲಿ ಆ ರಾತ್ರಿ ನಂಗೆ ಜ್ವರ ಬಂದಿತ್ತು. ಅಮ್ಮ ಬಿಸಿಲಿಂದ ಅಂದ್ಕೊಂಡ್ರು.

ಬುಧವಾರದಿಂದ ಭಾನುವಾರದೊಳಗೆ ಊರಲ್ಲಿ ನಡೆದಿದ್ದನ್ನೆಲ್ಲಾ ಬರೆಯೋಕೆ ಹೋದ್ರೆ ನನ್ನ ಪರೀಕ್ಷೆ ಮುಗಿದೇಹೋಗುತ್ತೆ. ಟೈಲರ್ ಸಾಮುವೇಲಣ್ಣ ಬಟ್ಟೆಯಂಗಡಿ ಮುಂದೆ ಹೋಗಿ, ತಮ್ಮ ಜೊತೆ ಮಾತು ಬಿಟ್ಟಿದ್ದ ಅಂಗಡಿಯೋರನ್ನ ಕೂಗಿ ಕರೆದು, ರಸ್ತೇಲೇ ತಬ್ಬಿಕೊಂಡ್ರು. ಇಬ್ಬರ ಹಿಂದೆ ಒಂದು ಲಾರಿ ಹಾರ್ನ್ ಹೊಡೀತಾ ನಿಂತಿತ್ತು, ಅವರಿಗೆ ಕೇಳಿಸ್ಲೇ ಇಲ್ಲ. ನಮ್ಮ ಸಂಡೇ ಸ್ಕೂಲ್ ಟೀಚರ್, ತಾನು ಹೊಡೆದಿದ್ದ ಹುಡುಗ ಈಗ ಮೀಸೆ ಬಿಟ್ಟು ಬಸ್ ಓಡಿಸ್ತಾನೆ, ಅವನ ಬಸ್ ಹತ್ತಿ ಡ್ರೈವರ್ ಸೀಟ್ ಪಕ್ಕ ನಿಂತು ಕ್ಷಮೆ ಕೇಳಿದ್ರಂತೆ. ಅವನು ಗಾಡಿ ಪಕ್ಕಕ್ಕೆ ಹಾಕಿ ಅತ್ನಂತೆ. ಯಾರೂ ಕರೆದಿರಲಿಲ್ಲ, ಬ್ಯಾನರ್ ಇರಲಿಲ್ಲ. ದಿನಾ ಬೆಳಿಗ್ಗೆ ಕಚೇರಿಗೆ ಹೋಗೋ ಮುಂಚೆ ಜನ ಚರ್ಚಿಗೆ ಹೋಗಿ ಕೂತ್ಕೊಳ್ತಿದ್ರು. ಬಾಗಿಲಿಗೆ ಬಂದೋರು ಚಪ್ಪಲಿ ಬಿಡ್ತಿದ್ರು, ನಮ್ಮಲ್ಲಿ ಚಪ್ಪಲಿ ಬಿಡೋ ಪದ್ಧತೀನೇ ಇಲ್ಲ. ದಿನಾ ಸಂಜೆ ಫೀಬಿ ಬಂದು ಲೆಕ್ಕ ಒಪ್ಪಿಸೋಳು. ಎಂಟುನೂರ ಅರವತ್ತು. ಎಂಟುನೂರು. "ಏಳುನೂರ ಎಂಬತ್ತು ಕಣೇ, ಇವತ್ತು ನಾನೂ ನಮ್ಮತ್ತಿಗೆ ಹತ್ರ ಒಂದು ಮಾತು ಹೇಳ್ದೆ, ಏನು ಅಂತ ಕೇಳಬೇಡ." ನೀನು ಯಾರಿಗೂ ಏನೂ ಹೇಳೋದಿಲ್ವಾ ಅಂತ ಕೇಳಿದ್ಲು. ನಂಗೆ ಓದೋದಿದೆ ಅಂದೆ.

ಅಪ್ಪನೂ ಯಾರ ಹತ್ರಾನೂ ಹೋಗಲಿಲ್ಲ. ಅಪ್ಪಂಗೆ ಯಾರ ಜೊತೆಗೂ ಜಗಳ ಇಲ್ಲ. ಅವರು ಸೆಕ್ರೆಟ್ರಿ, ಅವರದ್ದೇನಿದ್ರೂ ತೀರ್ಮಾನ.

ಭಾನುವಾರ ಅಯ್ಯನೋರು ಪ್ರಸಂಗದ ಹಾಳೆ ಮಡಚಿ ಜೇಬಿಗೆ ಹಾಕ್ಕೊಂಡ್ರು. ನಮ್ಮ ಅಯ್ಯನೋರು ಸಣ್ಣ ವಯಸ್ಸಿನೋರು, ಮಾತು ಅಂದ್ರೆ ನೀರು ಕುಡಿದಷ್ಟು ಸಲೀಸು. ಅವತ್ತು ತಡವರಿಸಿದ್ರು. "ನಾನು ಈ ಊರಿಗೆ ಬಂದು ನಾಲ್ಕು ವರ್ಷ. ನಿಮ್ಮೆಲ್ಲರ ಮುಂದೆ ಎಷ್ಟು ಪ್ರಾರ್ಥನೆ ಮಾಡಿದೀನಿ. ನಾನೊಬ್ಬನೇ, ಬಾಗಿಲು ಹಾಕ್ಕೊಂಡು, ಕೊನೇ ಸಲ ಯಾವಾಗ ಮಾಡಿದ್ದು ಅಂತ ಈ ವಾರ ಯೋಚನೆ ಮಾಡ್ದೆ. ನೆನಪಾಗ್ಲಿಲ್ಲ. ಸಭೆ ತಣ್ಣಗಾಗಿದೆ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದ್ದೆ. ತಣ್ಣಗಾಗಿದ್ದು ಇಲ್ಲಿಂದ." ಹೀಗಂದು ಎದೆ ಮುಟ್ಕೊಂಡ್ರು. ಆಮೇಲೆ ಅಲ್ಲೇ ಮೊಣಕಾಲೂರಿದ್ರು. ನಾವೂ ಕಣ್ಣು ಮುಚ್ಚಿದ್ವಿ.

ಆ ಹತ್ತು ನಿಮಿಷಾನ ಹೇಗೆ ಹೇಳ್ಲಿ ಗೊತ್ತಾಗ್ತಿಲ್ಲ. ಮೊದಲು ಬಿಸಿ ಬಂತು, ಜನರ ಬಿಸಿ, ಮೈ ಹತ್ರ ಮೈ ಬಂದಾಗ ಆಗುತ್ತಲ್ಲ ಅದು. ಆಮೇಲೆ ವಾಸನೆ. ಕೊಬ್ಬರಿ ಎಣ್ಣೆ, ಪೌಡರ್, ಇಸ್ತ್ರಿ ಹಾಕಿದ ಬಟ್ಟೆ, ಯಾರೋ ತಿಂದು ಬಂದಿದ್ದ ಮೀನು ಸಾರು. ಆಮೇಲೆ ಉಸಿರು. ಮುನ್ನೂರು ಜನರ ಉಸಿರು ಒಂದೇ ಕೋಣೇಲಿ. ಯಾರೋ ಮೆಲ್ಲಗೆ ಹಾಡೋಕೆ ಶುರು ಮಾಡಿದ್ರು, ಎಲ್ರೂ ಹಿಡ್ಕೊಂಡ್ರು, ಹುಟ್ಟಿದಾಗಿಂದ ಮೊದಲನೇ ಸಲ ನಂಗೆ ನಮ್ಮ ಸಭೆ ಒಟ್ಟಿಗೆ ಒಂದೇ ಸಾಲು ಹಾಡಿದ್ದು ಕೇಳಿಸ್ತು. ಕಣ್ಣು ಬಿಟ್ಟೆ. ಬೆಂಚು ಬೆಂಚು ಅಂಟ್ಕೊಂಡಿತ್ತು. ಅಯ್ಯನೋರ ಶರ್ಟಿನ ಗುಂಡಿ ಬಿಟ್ಟುಹೋಗಿದ್ದು ಕಾಣಿಸ್ತಿತ್ತು. ರೂತಮ್ಮನ ಬೆಂಚಲ್ಲಿ ಅವರ ಜಾಗ ಖಾಲಿ ಇತ್ತು, ಅವತ್ತು ಅಕ್ಕನ ಊರಿಗೆ ಹೋಗಿದ್ರು. ಫೀಬಿ ನನ್ನ ಕೈ ಹಿಡಿದು "ಅಯ್ಯೋ ದೇವ್ರೇ, ಅಯ್ಯೋ ದೇವ್ರೇ" ಅಂತಾನೇ ಇದ್ಲು.

ಆಗ ಯಾರೋ ಹಿಂದೆ ತಿರುಗಿದ್ರು. ಒಬ್ಬೊಬ್ಬರಾಗಿ ಎಲ್ರೂ ತಿರುಗಿದ್ರು.

ಎಲ್ಲಾ ಬೆಂಚಿನ ಹಿಂದೆ ಬೋಳು ನೆಲ. ಒಂದೇ ಸಮ, ಕಣ್ಣು ಹಾಯೋ ತನಕ. ಅದರ ಕೊನೇಲಿ, ಬಾಗಿಲ ಬೆಳಕಲ್ಲಿ, ಒಂದೇ ಒಂದು ಬೆಂಚು, ಅದರ ಮೇಲೆ ಇರುವೆಯಷ್ಟು ಗಾತ್ರಕ್ಕೆ ಒಬ್ಬರು ಮನುಷ್ಯ. ಅವರ ಬೆಂಚು ಒಂದು ಗೇಣೂ ಬಂದಿರಲಿಲ್ಲ.

"ಏಳುನೂರ ನಲವತ್ತು" ಅಂದ್ಲು ಫೀಬಿ ಪಿಸುಮಾತಲ್ಲಿ. ಆಮೇಲೆ ಎಲ್ಲಾ ಕಡೆಯಿಂದ ಪಿಸುಮಾತು ಎದ್ದಿತು. "ಇನ್ನೂ ಒಪ್ಕೊಂಡಿಲ್ಲ ನೋಡು." "ಅಷ್ಟು ವರ್ಷ ಆದ್ರೂ ಏನು ಹಟ." "ಮನಸ್ಸು ಕಲ್ಲಾಗಿದೆ ಪಾಪ." ಎಲ್ರೂ ಒಳ್ಳೇ ಮನಸ್ಸಿಂದಾನೇ ಹೇಳ್ತಿದ್ರು, ಕಣ್ಣಲ್ಲಿ ನೀರಿಟ್ಕೊಂಡು ಹೇಳ್ತಿದ್ರು. ನಾನು ನನ್ನ ಹಾಡಿನ ಪುಸ್ತಕ ನೋಡ್ತಾ ಕೂತೆ. ಒಂದಕ್ಷರಾನೂ ಕಾಣಿಸ್ಲಿಲ್ಲ.

ಆರಾಧನೆ ಮುಗಿದ ಮೇಲೆ ಹಿರಿಯರು ಪೀಠದ ಹತ್ರ ಗುಂಪು ಸೇರಿದ್ರು. ಮುಂದಿನ ಭಾನುವಾರ ಇಡೀ ಸಭೆಗೆ ಒಟ್ಟಿಗೆ ಪ್ರಭುಭೋಜನ ಕೊಡಬೇಕು ಅಂತ ಆಸೆ, ಒಂದು ಬೆಂಚು ಬಿಟ್ಟು ಹೇಗೆ ಕೊಡೋದು ಅಂತ ಚಿಂತೆ. "ಹೋಗಿ ಪ್ರೀತಿಯಿಂದ ಮಾತಾಡೋಣ" ಅಂದ್ರು ಅಪ್ಪ. ಅಯ್ಯನೋರು "ಇವತ್ತು ಬೇಡ ಅನ್ಸುತ್ತೆ" ಅಂದ್ರು, ಯಾರೂ ಕೇಳಲಿಲ್ಲ. ನಾಲ್ಕು ಜನ ಹೊರಟ್ರು. "ತಬಿತಾ, ನೀರು ತಗೊಂಡು ಬಾಮ್ಮ, ನಿಮ್ಮ ಯೋಸೇಫ ತಾತನಿಗೆ ಅಷ್ಟು ದೂರ ನಡೆದ್ರೆ ಗಂಟಲು ಒಣಗುತ್ತೆ" ಅಂದ್ರು ಅಪ್ಪ. ನಾನು ಹೂಜಿ ಎತ್ಕೊಂಡು, ಲೋಟ ಹಿಡ್ಕೊಂಡು ಹಿಂದೆ ಹಿಂದೆ ಹೋದೆ.

ಯೋಬ ಮಾಮ ನಾವು ಬರೋದನ್ನ ಮೊದಲಿಂದ ನೋಡ್ತಿದ್ರು ಅನ್ಸುತ್ತೆ, ನಾವು ಹತ್ರ ಬಂದಾಗ ಎದ್ದು ನಿಂತಿದ್ರು. ಬಿಳೀ ಶರ್ಟು, ಕಾಲರ್ ತಿರುವಿ ಹೊಲಿಸಿದ್ದು. ಒಂಬತ್ತು ವರ್ಷದಲ್ಲಿ ಒಂದು ಭಾನುವಾರ ತಪ್ಪಿಸಿರಲಿಲ್ಲ ಅವರು.

"ಕೂತ್ಕೊಳ್ಳಿ ಯೋಬಣ್ಣ" ಅಂದ್ರು ಅಪ್ಪ.

"ಪರವಾಗಿಲ್ಲ ಸೆಕ್ರೆಟ್ರಿಯವರೇ, ಹೇಳಿ."

"ಏನಿಲ್ಲ. ದೇವರು ಏನು ಮಾಡ್ತಿದಾರೆ ಅಂತ ನೀವೂ ನೋಡ್ತಿದೀರಲ್ಲ. ಒಂದೇ ಒಂದು ಮಾತು. ಹಳೇದು. ಅದೊಂದು ಒಪ್ಕೊಂಡ್ಬಿಟ್ರೆ ನಾವ್ಯಾರೂ ಮತ್ತೆ ಅದರ ಸುದ್ದಿ ಎತ್ತಲ್ಲ."

"ಬಾಟ್ಲಿ ವಿಷಯಾನಾ?"

"ಹೌದು."

"ಮಾಡದೇ ಇರೋದನ್ನ ಮಾಡ್ದೆ ಅಂದ್ರೆ ಅದು ಸುಳ್ಳಾಗಲ್ವಾ?"

ಯೋಸೇಫ ತಾತ ಕೋಲು ಕುಟ್ಟಿ ಅಂದ್ರು, "ಲೋ ಯೋಬ, ಎಲ್ಲರ ಬೆಂಚು ಬಂತಲ್ಲೋ. ನಿಂದು ಯಾಕಪ್ಪ ಬರಲಿಲ್ಲ? ನೀನೇ ಹೇಳು."

ಯೋಬ ಮಾಮ ಬೆಂಚಿನ ಹಿಡಿ ಸವರಿದ್ರು. "ನಾನೂ ಅದನ್ನೇ ಕೇಳ್ಕೊಳ್ತಿದೀನಿ ಯೋಸೇಫಜ್ಜ. ಬೆಳಿಗ್ಗೆಯಿಂದ ಅದನ್ನೇ ಕೇಳ್ತಿದೀನಿ. ನನ್ನಲ್ಲಿ ಏನೋ ಇರಬೇಕು." ಪೀಠದ ಕಡೆ ನೋಡಿ, "ನನ್ನಿಂದ ಇಷ್ಟು ಜನರ ಪ್ರಭುಭೋಜನ ನಿಲ್ಲೋದು ಬೇಡ. ಆಯ್ತು. ಮುಂದಿನ ಭಾನುವಾರ ಮುಂದೆ ಬಂದು ನಾನೇ ಕುಡಿದಿದ್ದು ಅಂತ ಹೇಳ್ತೀನಿ. ಎಲ್ರಿಗೂ ಸಮಾಧಾನ ಆಗ್ಲಿ."

ಅಪ್ಪ ಅವರ ಭುಜ ತಟ್ಟಿ "ದೇವರು ನಿಮ್ಮನ್ನ ಆಶೀರ್ವದಿಸ್ಲಿ" ಅಂದ್ರು. ಅಪ್ಪನ ಮುಖದಲ್ಲಿ ನಿಜವಾದ ಸಂತೋಷ ಇತ್ತು. ಅದನ್ನ ನೋಡೋಕಾಗಲಿಲ್ಲ ನಂಗೆ. ನಾಲ್ಕೂ ಜನ ನೀರು ಕುಡಿದು ವಾಪಸ್ ಹೊರಟ್ರು, ನಾನೂ ಹೊರಟೆ. ಲೆಕ್ಕ ಹಾಕ್ತಾ ನಡೆದೆ, ಬೇರೆ ಯೋಚನೆ ಬರಬಾರದು ಅಂತ. ನೂರು. ಇನ್ನೂರು. ಮುಂದಿನ ಭಾನುವಾರ ಎಲ್ಲರ ಎದುರು, ಮೈಕಲ್ಲಿ, ಆ ಕಾಲರ್ ತಿರುವಿದ ಶರ್ಟಲ್ಲಿ ಅವರು ನಿಂತು ನನ್ನ ತಪ್ಪನ್ನ ತಮ್ಮದು ಅಂತ ಹೇಳ್ತಾರೆ. ನಾನು ಕ್ವಾಯರಲ್ಲಿ ನಿಂತು ಕೇಳ್ತೀನಿ. ಆಮೇಲೆ ಹಾಡ್ತೀನಿ. ಮುನ್ನೂರು ಹೆಜ್ಜೆಗೆ ಕಾಲು ನಿಂತ್ಹೋಯ್ತು.

"ಏನಾಯ್ತಮ್ಮ?" ಅಂದ್ರು ಅಪ್ಪ.

"ಲೋಟ ಬಿಟ್ಟು ಬಂದೆ."

ಲೋಟ ನನ್ನ ಎಡಗೈಲೇ ಇತ್ತು. ಅಪ್ಪ ನೋಡಲಿಲ್ಲ, ಖುಷೀಲಿ ಮುಂದೆ ಹೋದ್ರು. ನಾನು ಹೂಜಿ, ಲೋಟ ಅಲ್ಲೇ ನೆಲದ ಮೇಲಿಟ್ಟು ಹಿಂದಕ್ಕೆ ತಿರುಗಿದೆ. ದೇವರು ಇಷ್ಟೆಲ್ಲಾ ಮಾಡಿದಾರೆ, ನಂಗೋಸ್ಕರ ಒಂದು ಐವತ್ತು ಹೆಜ್ಜೆ ಕಮ್ಮಿ ಮಾಡ್ತಾರೇನೋ ಅಂದ್ಕೊಂಡೆ. ಮಾಡಲಿಲ್ಲ. ಮುನ್ನೂರಕ್ಕೆ ಮುನ್ನೂರೂ ನಡೆಸಿದ್ರು.

"ಏನು ಪುಟ್ಟ?" ಯೋಬ ಮಾಮ ಅಂದ್ರು. ಚಿಕ್ಕವಳಿದ್ದಾಗ ಗಂಟೆ ಹಗ್ಗಕ್ಕೆ ನನ್ನ ಕೈ ಹಿಡಿಸಿ ಎತ್ತಿ ಆಡಿಸ್ತಿದ್ದೋರು ಅವರು, ಇನ್ನೂ ಪುಟ್ಟ ಅಂತಾನೇ ಅಂತಿದ್ರು.

ಏನೇನೋ ಜೋಡಿಸ್ಕೊಂಡಿದ್ದೆ, ಎಲ್ಲಾ ಹೋಯ್ತು. "ಮಾಮ, ಕುಡಿದಿದ್ದು ನಾನು" ಅಂದೆ. "ಬಾಟ್ಲಿ ನಿಮ್ಮ ಕೋಣೇಲಿ ಇಟ್ಟಿದ್ದೂ ನಾನೇ."

ಅವರು ಕೂತ್ಕೊಂಡ್ರು. ನಾನು ಅಳ್ತಾ ಉಳಿದಿದ್ದನ್ನೂ ಹೇಳ್ದೆ, ಗೋಣಿಚೀಲ, ಬಿಸಿಲು, ಜ್ವರ. ಅವರು ನನ್ನ ಮುಖ ನೋಡಲಿಲ್ಲ. ತಮ್ಮ ಅಂಗೈ ಎರಡನ್ನೂ ತೊಡೆ ಮೇಲಿಟ್ಕೊಂಡು ಅದನ್ನೇ ನೋಡ್ತಿದ್ರು. ಹಗ್ಗ ಎಳೆದು ಎಳೆದು ಜಡ್ಡುಗಟ್ಟಿದ್ದ ಕೈ, ಈಗ ಮೆತ್ತಗಾಗಿತ್ತು.

"ಒಂಬತ್ತು ವರ್ಷ" ಅಂದ್ರು. "ನೀನು ನನ್ನ ಮುಂದೆ ನಡ್ಕೊಂಡು ಹೋಗ್ತಿದ್ದೆ. ಪ್ರತೀ ಭಾನುವಾರ. ಸ್ತೋತ್ರ ಮಾಮ ಅಂತ ಕೈ ಮುಗೀತಿದ್ದೆ."

"ಹೌದು ಮಾಮ."

"ನಂಗೆ ನಿನ್ನ ಮೇಲೆ ಬಹಳ ಕೋಪ ಬರ್ತಿದೆ. ಹೋಗು ಅನ್ಬೇಕು ಅನ್ಸ್ತಿದೆ."

"ಹೋಗ್ಲಾ?"

"ಬೇಡ." ಆಮೇಲೆ ಅವರು ಅಳೋಕೆ ಶುರು ಮಾಡಿದ್ರು, ನಗ್ತಿದ್ರೋ ಅಳ್ತಿದ್ರೋ ಗೊತ್ತಾಗದ ಹಾಗೆ. "ಬೆಳಿಗ್ಗೆಯಿಂದ ನನ್ನೊಳಗೆ ಹುಡುಕ್ತಿದ್ದೆ ಪುಟ್ಟ. ನಾನೇ ಮರೆತುಬಿಟ್ಟಿದೀನೇನೋ, ನಾನೇ ಕುಡಿದಿದ್ನೇನೋ ಅಂತ ಅನುಮಾನ ಬಂದ್ಬಿಟ್ಟಿತ್ತು ನಂಗೆ." ಮುಖ ಒರೆಸ್ಕೊಂಡ್ರು. "ನಂಗೆ ಹೇಳಿದ್ದನ್ನ ದೇವರಿಗೂ ಹೇಳು. ಜೋರಾಗಿ ಹೇಳು. ನಾನು ಕೇಳಿಸ್ಕೋಬೇಕು."

ನಾನು ನೆಲಕ್ಕೆ ಮೊಣಕಾಲೂರಿ ಕಣ್ಣು ಮುಚ್ಚಿದೆ. ಕ್ವಾಯರ್ ಪ್ರಾರ್ಥನೆಗಳಲ್ಲಿ ನಾನು ಬಳಸ್ತಿದ್ದ ದೊಡ್ಡ ದೊಡ್ಡ ಪದ ಒಂದೂ ಬರಲಿಲ್ಲ. ಕರ್ತನೇ, ನಾನು ಗಿದ್ಯೋನನ ಮಗಳು ತಬಿತಾ, ನಿನ್ನ ಮೇಜಿನ ಮೇಲಿದ್ದಿದ್ದನ್ನ ಕದ್ದು ಕುಡಿದೆ, ನಿನ್ನ ಸೇವಕ ಯೋಬನ ಮೇಲೆ ಹಾಕ್ದೆ, ಒಂಬತ್ತು ವರ್ಷ ನಿನ್ನ ಮುಂದೆ ಹಾಡ್ದೆ. ಇಷ್ಟೇ ಬಂತು. ಮತ್ತೆ ಮತ್ತೆ ಅದೇ ಬಂತು. ಹೇಳ್ತಾ ಹೇಳ್ತಾ ನಂಗೆ ಗೊತ್ತಾಯ್ತು, ಫೀಬಿ ಅಮ್ಮ ಹೇಳಿದ್ದು ಸುಳ್ಳಲ್ಲ. ತಿರುಗಿ ನೋಡದೇ ಇದ್ರೂ ಗೊತ್ತಾಯ್ತು. ಹೆದರಿಕೆ ಆಯ್ತು, ಎಷ್ಟು ಅಂದ್ರೆ ಉಸಿರು ಜೋರಾಗಿ ಬಿಡೋಕೂ ಧೈರ್ಯ ಬರಲಿಲ್ಲ. ಆದ್ರೆ ಎದ್ದು ಓಡಬೇಕು ಅನ್ಸಲಿಲ್ಲ. ಹನ್ನೊಂದನೇ ವಯಸ್ಸಿಂದ ಆ ಜಾಗದಲ್ಲಿ ಓಡಬೇಕು ಅನ್ಸದೇ ಇದ್ದಿದ್ದು ಅದೇ ಮೊದಲು. ಪಕ್ಕದಲ್ಲಿ ಯೋಬ ಮಾಮನೂ ಮೊಣಕಾಲೂರಿದ್ದು ಕೇಳಿಸ್ತು. "ಕರ್ತನೇ" ಅಂದು ನಿಲ್ಲಿಸಿದ್ರು. ಮತ್ತೆ "ಕರ್ತನೇ" ಅಂದ್ರು. ಅದಕ್ಕಿಂತ ಮುಂದೆ ಅವರಿಂದಲೂ ಹೋಗೋಕಾಗಲಿಲ್ಲ.

ಯಾರೋ ಗಂಟಲು ಸರಿ ಮಾಡ್ಕೊಂಡ ಸಪ್ಪಳಕ್ಕೆ ಕಣ್ಣು ಬಿಟ್ಟೆ.

ಪೀಠ ಅಲ್ಲೇ ಇತ್ತು. ಮೇಜಿನ ಮೇಲಿನ ಬಟ್ಟೆಯ ಕಸೂತಿ ಕಾಣಿಸ್ತಿತ್ತು. ಅಯ್ಯನೋರು ಒಂದು ಬೆಂಚಿಗೆ ತಲೆ ಆನಿಸಿ ಮೊಣಕಾಲೂರಿದ್ರು. ಯೋಸೇಫ ತಾತ ಬಾಯಿ ತೆಗೆದು ನಿಂತಿದ್ರು. ಅಪ್ಪ ಎಲ್ಲರಿಗಿಂತ ಈಚೆ, ಕನ್ನಡಕ ಕೈಲಿ ಹಿಡ್ಕೊಂಡು. ನಮಗೂ ಅವರಿಗೂ ಮಧ್ಯೆ ಹೆಚ್ಚಂದ್ರೆ ಹದಿನಾಲ್ಕು ಹೆಜ್ಜೆ. ಅಪ್ಪ ಪೀಠದ ಹತ್ರ ಸಾಮಾನು ಎತ್ತಿಡ್ತಾ ಇದ್ದೋರು, ನಿಂತಲ್ಲೇ ನಿಂತು ಎಲ್ಲಾ ಕೇಳಿಸ್ಕೊಂಡಿದ್ರು. ನಮ್ಮ ಚರ್ಚ್ ಇಷ್ಟೇ ಇಷ್ಟು ಅಂತ ನಂಗೆ ಗೊತ್ತೇ ಇರಲಿಲ್ಲ. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನೋದು ಈ ತುದಿಗೆ ಕೇಳಿಸ್ತಿತ್ತು.

ಅಪ್ಪನ ಮುಖ ನೋಡ್ದೆ. ಬೈದಿದ್ರೆ ಚೆನ್ನಾಗಿತ್ತು. ಅವರು ನನ್ನ ನೋಡ್ತಾನೇ ಇರಲಿಲ್ಲ, ಯೋಬ ಮಾಮನ ಕೈ ನೋಡ್ತಿದ್ರು, ತಾವು ಅವತ್ತು ಹಗ್ಗ ಇಸ್ಕೊಂಡಿದ್ದ ಕೈನ. ಒಂದು ಹೆಜ್ಜೆ ಮುಂದೆ ಬಂದು ನಿಂತ್ರು. "ಯೋಬಣ್ಣ, ನಾನು ಅವತ್ತು ನಿಮ್ಮನ್ನ ಒಂದು ಮಾತೂ ಕೇಳಲಿಲ್ಲ. ತೀರ್ಮಾನ ಬರ್ಕೊಂಡೇ ಬಂದಿದ್ದೆ" ಅಂದ್ರು. ಕ್ಷಮೆ ಕೇಳೋಕೆ ಕೈ ಜೋಡಿಸಿದ್ರು.

ಯೋಬ ಮಾಮ ಬೆಂಚು ಹಿಡ್ಕೊಂಡು ಎದ್ರು. "ಇವತ್ತು ಬೇಡ ಗಿದ್ಯೋನ" ಅಂದ್ರು. ಸೆಕ್ರೆಟ್ರಿಯವರೇ ಅನ್ನಲಿಲ್ಲ. "ನನ್ನ ಕೈಲಿ ಇವತ್ತು ಇದಕ್ಕಿಂತ ಜಾಸ್ತಿ ಆಗಲ್ಲ. ನೀವು ನಂಬ್ಲಿಲ್ಲ, ಅದು ಬೇರೆ. ಊರು ನಂಬ್ಲಿಲ್ಲ, ಅದನ್ನೂ ನುಂಗ್ಕೊಂಡೆ. ನನ್ನ ರೂತ್ ನಂಬ್ಲಿಲ್ಲ. ಒಂದೇ ಸಲ ಕೇಳಿದ್ಲು, ನಿಜ ಹೇಳಿ ಅಂತ. ನಾನಲ್ಲ ಅಂದೆ. ಅವತ್ತಿಂದ ಅನ್ನ ಬಡಿಸ್ತಾಳೆ, ಬಟ್ಟೆ ಒಗೀತಾಳೆ, ಕಣ್ಣೆತ್ತಿ ನೋಡಲ್ಲ. ಮೊದಲು ಅವಳಿಗೆ ಹೇಳ್ಬೇಕು. ನಾನು ಹೇಳಿದ್ರೆ ಆಗಲ್ಲ. ಇವಳೇ ಹೇಳ್ಬೇಕು."

"ಹೇಳ್ತೀನಿ ಮಾಮ. ಈಗ್ಲೇ ಹೋಗ್ಲಾ?"

"ಎಲ್ಲಿಗೆ ಹೋಗ್ತೀಯ, ಅವಳು ಅಕ್ಕನ ಊರಲ್ಲಿದಾಳೆ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಬರ್ತಾಳೆ. ಬಸ್ಸಿಂದ ಇಳಿದು, ಚೀಲ ಕೆಳಗಿಡೋ ಮುಂಚೆ ಅವಳ ಕಿವಿಗೆ ಬೀಳ್ಬೇಕು. ಇನ್ನೂ ಒಂದು ದಿನ ಅವಳು ಆ ಮನೆಗೆ ಆ ಮುಖ ಇಟ್ಕೊಂಡು ಬರೋದು ನಂಗೆ ಬೇಡ."

ಅಪ್ಪ ಕನ್ನಡಕ ಹಾಕ್ಕೊಂಡ್ರು. ಬಂದು ನನ್ನ ಪಕ್ಕ ನಿಂತ್ರು, ಮೈ ತಾಗೋಷ್ಟು ಹತ್ರ.

"ಇಬ್ಬರೂ ಬರ್ತೀವಿ" ಅಂದ್ರು. "ಏಳಕ್ಕಲ್ಲ. ಆ ಬಸ್ಸು ಕೆಲವು ಸಲ ಮುಂಚೆ ಬಂದ್ಬಿಡುತ್ತೆ. ಆರೂವರೆಗೇ ಬಸ್‌ಸ್ಟ್ಯಾಂಡಲ್ಲಿರ್ತೀವಿ."

"ಆರೂವರೆ" ಅಂದ್ರು ಯೋಬ ಮಾಮ. "ನಾನು ಆರಕ್ಕೇ ಬಂದಿರ್ತೀನಿ."